ಓಟಕ್ಕೊಂದು ಹಾಡು, ದಾರಿಗೊಂದು ಕಿವಿ

ನಸುಕಿನ ಐದು ಗಂಟೆಗೆ ಜತ್ತ ತಾಲೂಕಿನ ಯಾವ ರಸ್ತೆಗೆ ಬಂದು ನಿಂತರೂ ಓಡುವ ಮಕ್ಕಳು ಕಾಣುತ್ತಾರೆ. ಉಮದಿ, ಸಂಖ, ಬಿಳೂರು, ಮಾಡಗ್ಯಾಳ, ಡಫಳಾಪುರ – ಊರು ಯಾವುದಾದರೂ ನೋಟ ಒಂದೇ. ಓಟಕ್ಕೆಂದು ಸಿದ್ಧಪಡಿಸಿದ ಮೈದಾನ ಎಲ್ಲ ಊರಿಗೂ ಇಲ್ಲ. ಡಾಂಬರು ರಸ್ತೆಯೇ ಮೈದಾನ. ಮಹಾರಾಷ್ಟ್ರದ ಪೊಲೀಸ್ ಶಿಪಾಯಿ ಭರ್ತಿಯಲ್ಲಿ 50 ಅಂಕಗಳ ದೈಹಿಕ ಪರೀಕ್ಷೆಯ ಪೈಕಿ 20 ಅಂಕಗಳು ದೊಡ್ಡ ಓಟಕ್ಕೆ ಮೀಸಲಾಗಿವೆ: ಹುಡುಗರಿಗೆ 1600 ಮೀಟರ್, ಹುಡುಗಿಯರಿಗೆ 800 ಮೀಟರ್. ಸೈನ್ಯದ ಅಗ್ನಿವೀರ ಭರ್ತಿಯಲ್ಲಿಯೂ ಓಟದ ಪರೀಕ್ಷೆ ಇದ್ದೇ ಇದೆ. ಮಳೆ ಕೈಕೊಡುವ ಸೀಮೆಯಲ್ಲಿ ಒಂದು ಸರಕಾರಿ ನೌಕರಿ ಎಂದರೆ ಇಡೀ ಮನೆತನಕ್ಕೆ ಆಧಾರ. ಆದುದರಿಂದಲೇ ಕನ್ನಡ ಶಾಲೆಯಲ್ಲಿ ಕಲಿತು ಹನ್ನೆರಡನೆಯ ಇಯತ್ತೆ ಮುಗಿಸಿದ ಮಕ್ಕಳು ಕೋಳಿ ಕೂಗುವ ಮೊದಲೇ ರಸ್ತೆಗಿಳಿಯುತ್ತಾರೆ.

ಅವರಲ್ಲಿ ಬಹಳಷ್ಟು ಜನರ ಕೈಯಲ್ಲಿ ಮೊಬೈಲ್, ಎರಡೂ ಕಿವಿಯಲ್ಲಿ ಇಯರ್‌ಫೋನ್. ‘ಓಡುವಾಗ ಹಾಡು ಕೇಳಲು ಒಂದು ಯಂತ್ರ ಕೊಡಿಸಿ’ ಎಂಬ ಬೇಡಿಕೆ ಈಗ ಅನೇಕ ಮನೆಗಳಲ್ಲಿ ಎದ್ದಿದೆ. ಬೇಡಿಕೆ ತಪ್ಪಲ್ಲ. ಆದರೆ ಅಂಗಡಿಯಲ್ಲಿ ಬಣ್ಣ, ಹೆಸರು, ಧ್ವನಿಯ ಅಬ್ಬರ ನೋಡಿ ಕೊಳ್ಳುವ ಮೊದಲು ತಂದೆತಾಯಿಗಳು ಮೂರು ಪ್ರಶ್ನೆ ಕೇಳಬೇಕು. ಈ ಯಂತ್ರವು ಮಗುವಿನ ಕಿವಿಯನ್ನು ರಸ್ತೆಗೆ ಬಿಟ್ಟುಕೊಡುತ್ತದೆಯೇ? ಹಾಡಿನ ನೆಪದಲ್ಲಿ ಬೇರೆ ಹತ್ತು ಗೀಳುಗಳನ್ನು ಮನೆಗೆ ತರುತ್ತದೆಯೇ? ಕೆಟ್ಟರೆ ಕೇಳಲು ಕೈಯಲ್ಲಿ ಪಕ್ಕಾ ಬಿಲ್ಲು ಇರುತ್ತದೆಯೇ? ಈ ಮೂರಕ್ಕೂ ಸರಿಯಾದ ಉತ್ತರ ಸಿಕ್ಕ ಯಂತ್ರವೇ ಒಳ್ಳೆಯ ಯಂತ್ರ. ಮಿಕ್ಕದ್ದೆಲ್ಲ ಅನಂತರದ ಮಾತು.

ಹಾಡಿನ ಬಲ, ಹಾಡಿನ ಮಿತಿ

ಮೈ ದಣಿಯುವ ಕೆಲಸಕ್ಕೆ ನಾದದ ಜೊತೆ ಬೇಕೆಂಬುದನ್ನು ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೀಸುವ ಕಲ್ಲಿಗೆ ಹಾಡಿತ್ತು, ಕುಸ್ತಿಯ ಕಣಕ್ಕೆ ಹಲಗಿಯಿತ್ತು. ಲೇಜೀಮಿನಲ್ಲಂತೂ ವಾದ್ಯ ಮತ್ತು ವ್ಯಾಯಾಮ ಬೇರೆ ಬೇರೆಯಾಗಿಯೇ ಇಲ್ಲ: ಬಾಗಿ, ಎದ್ದು, ಕುಣಿದರಷ್ಟೇ ಅದು ನುಡಿಯುತ್ತದೆ. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಉದ್ಘಾಟನೆಯಲ್ಲಿ ಸಾಂಗ್ಲಿ ಭಾಗದ ಲೇಜೀಮ್ ತಂಡ ದೇಶದ ಮುಂದೆ ಕುಣಿದದ್ದನ್ನು ಹಿರಿಯರು ಇನ್ನೂ ನೆನೆಯುತ್ತಾರೆ.

ಇದನ್ನು ಅಳೆದು ನೋಡಿದ ಮೊದಲಿಗರಲ್ಲಿ ಅಮೆರಿಕದ ಲಿಯೊನಾರ್ಡ್ ಏಯರ್ಸ್ ಒಬ್ಬರು. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಆರು ದಿನಗಳ ಸೈಕಲ್ ಪಂದ್ಯ ನಡೆದಾಗ, ಬ್ಯಾಂಡ್ ನುಡಿಯುತ್ತಿದ್ದ ಹೊತ್ತಿನಲ್ಲಿ ಸವಾರರ ವೇಗ ಗಂಟೆಗೆ ಸರಾಸರಿ 19.6 ಮೈಲಿ, ಬ್ಯಾಂಡ್ ನಿಂತಾಗ 17.9 ಮೈಲಿ ಎಂದು ಅವರು 1911ರಲ್ಲಿ ಬರೆದರು. ಮುಂದೆ ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದ ಕೋಸ್ಟಾಸ್ ಕಾರಗಿಯೋರ್ಗಿಸ್ ಅವರು ಇದೇ ವಿಷಯವನ್ನು ಹಲವು ವರ್ಷ ಅಭ್ಯಸಿಸಿದರು. ಅವರ ಸಂಶೋಧನೆಯ ಸಾರವನ್ನು ನಮ್ಮ ಮಕ್ಕಳು ತಿಳಿಯುವುದು ಒಳ್ಳೆಯದು. ನಿಧಾನದ ಮತ್ತು ಮಧ್ಯಮ ವೇಗದ ಓಟದಲ್ಲಿ ಹಾಡು ದಣಿವಿನ ಅರಿವನ್ನು ತಗ್ಗಿಸುತ್ತದೆ, ಓಟಗಾರ ಇನ್ನಷ್ಟು ಹೊತ್ತು ತಾಳುತ್ತಾನೆ. ಆದರೆ ವೇಗ ಹೆಚ್ಚಿ ಉಸಿರು ಕಟ್ಟುವ ಹಂತ ತಲುಪಿದಾಗ ದೇಹದ ಕೂಗೇ ಗಟ್ಟಿಯಾಗುತ್ತದೆ. ಆಗ ದಣಿವನ್ನು ಮರೆಸುವ ಶಕ್ತಿ ಹಾಡಿಗೆ ಉಳಿಯುವುದಿಲ್ಲ.

ಇದರ ಅರ್ಥ ಸ್ಪಷ್ಟವಾಗಿದೆ. ವಾರದ ನಾಲ್ಕಾರು ದಿನದ ನಿಧಾನದ ದೂರದ ಓಟಕ್ಕೆ ಹಾಡು ಒಳ್ಳೆಯ ಸಂಗಾತಿ. 1600 ಮೀಟರನ್ನು ಗಡಿಯಾರ ಹಿಡಿದು ಓಡುವ ದಿನ ಅದರ ಅಗತ್ಯವಿಲ್ಲ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮಗಳೂ ಸ್ಪರ್ಧೆಯ ಕಣದೊಳಗೆ ರೇಡಿಯೊ, ಮೊಬೈಲ್ ಮುಂತಾದವುಗಳನ್ನು ಇಟ್ಟುಕೊಳ್ಳುವುದನ್ನು ಹೊರಗಿನ ನೆರವು ಎಂದೇ ಎಣಿಸುತ್ತವೆ. ಪರೀಕ್ಷೆಯ ದಿನ ಜೊತೆಗಿರುವುದು ತನ್ನ ಉಸಿರಿನ ಸದ್ದು ಮತ್ತು ಹೆಜ್ಜೆಯ ಸದ್ದು ಮಾತ್ರ. ಅವೆರಡನ್ನೂ ಕೇಳಿ ರೂಢಿಯಿಲ್ಲದವನು ಕೊನೆಯ ಸುತ್ತಿನಲ್ಲಿ ತಬ್ಬಿಬ್ಬಾಗುತ್ತಾನೆ. ಆದ್ದರಿಂದ ವಾರಕ್ಕೆ ಎರಡು ದಿನವಾದರೂ ಬರಿಗಿವಿಯಲ್ಲಿ ಓಡುವುದನ್ನು ಅಭ್ಯಾಸದ ಭಾಗವಾಗಿಸಿಕೊಳ್ಳಬೇಕು.

ಕಿತ್ತಳೆ ಬಣ್ಣದ ಒಂದು ಗುಂಡಿ

ನಡೆಯುತ್ತ, ಓಡುತ್ತ ಒಬ್ಬರೇ ಹಾಡು ಕೇಳುವ ರೂಢಿಯನ್ನು ಲೋಕಕ್ಕೆ ಹಬ್ಬಿಸಿದ್ದು ಜಪಾನಿನ ಸೋನಿ ಕಂಪನಿಯ ವಾಕ್‌ಮನ್. ಅದು ಮಾರುಕಟ್ಟೆಗೆ ಬಂದದ್ದು 1979ರ ಜುಲೈ 1ರಂದು. ಆ ಮೊದಲ ವಾಕ್‌ಮನ್‌ನಲ್ಲಿ ಇಬ್ಬರು ಕೂಡಿ ಕೇಳಲು ಎರಡು ಜಾಕ್‌ಗಳಿದ್ದವು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಹಾಡಿನ ಧ್ವನಿ ತಗ್ಗಿ, ಒಳಗಿನ ಸಣ್ಣ ಮೈಕ್ ಮೂಲಕ ಎದುರಿಗಿದ್ದವರ ಮಾತು ಕೇಳುತ್ತಿತ್ತು. ಹಾಡು ಕೇಳುವವನನ್ನು ಸುತ್ತಲಿನ ಲೋಕದಿಂದ ಪೂರ್ತಿ ಕಡಿದುಹಾಕಬಾರದು ಎಂಬ ವಿವೇಕ ಆ ಮೊದಲ ಯಂತ್ರದಲ್ಲೇ ಇತ್ತು. ಆಮೇಲಿನ ಮಾದರಿಗಳಲ್ಲಿ ಆ ಗುಂಡಿ ಕಾಣೆಯಾಯಿತು.

ಮುಂದೆ 2001ರಲ್ಲಿ ಆ್ಯಪಲ್ ಕಂಪನಿಯ ಐಪಾಡ್ ಬಂದಿತು. 2005ರಲ್ಲಿ ಬಂದ ಐಪಾಡ್ ಶಫಲ್‌ಗೆ ಪರದೆಯೇ ಇರಲಿಲ್ಲ, ತೂಕ 22 ಗ್ರಾಂ ಮಾತ್ರ. 2022ರ ಮೇ ತಿಂಗಳಲ್ಲಿ ಕಂಪನಿ ಐಪಾಡ್ ತಯಾರಿಕೆಯನ್ನೇ ನಿಲ್ಲಿಸಿತು. ಮೊಬೈಲ್ ಫೋನ್ ಅದನ್ನು ನುಂಗಿಹಾಕಿತ್ತು. ಆದರೂ ಅಂಗಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಎಂಪಿ3 ಪ್ಲೇಯರ್‌ಗಳು ಇಂದಿಗೂ ಮಾರಾಟಕ್ಕಿವೆ.

ಯಾವುದು ಯಾರಿಗೆ?

ಮೊಬೈಲ್ ಫೋನ್: ಮನೆಯಲ್ಲಿ ಈಗಾಗಲೇ ಇರುವುದರಿಂದ ಖರ್ಚಿಲ್ಲ, ಆಪತ್ತಿನಲ್ಲಿ ಕರೆ ಮಾಡಬಹುದು. ಒಬ್ಬಳೇ ಓಡುವ ಹುಡುಗಿಯ ಬಳಿ ಇದು ಇರಲೇಬೇಕು. ಆದರೆ ಕೈಯಲ್ಲಿ ಹಿಡಿದು ಓಡಿದರೆ ಒಂದು ತೋಳಿನ ಬೀಸು ಕುಂದಿ ಓಟದ ಲಯ ಕೆಡುತ್ತದೆ. ಮನೆಮಂದಿಗೆಲ್ಲ ಇರುವ ಒಂದೇ ಫೋನು ಬಿದ್ದು ಒಡೆದರೆ ನಷ್ಟ ದೊಡ್ಡದು. ಎಲ್ಲಕ್ಕೂ ಮಿಗಿಲಾಗಿ, ಓಟ ಮುಗಿದ ಬಳಿಕ ರಸ್ತೆಯ ಬದಿಗೆ ಕುಳಿತ ಮಗ ರೀಲ್ಸ್ ನೋಡುತ್ತ ಒಂದು ತಾಸು ಕಳೆದರೆ ನಸುಕಿನಲ್ಲಿ ಎದ್ದದ್ದರ ಫಲವೇನು? ಫೋನೇ ಒಯ್ಯುವುದಾದರೆ ಸೊಂಟದ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿ, ಓಡುವ ಹೊತ್ತಿಗೆ ಇಂಟರ್‌ನೆಟ್ ಆರಿಸಿಡುವುದು ಲೇಸು. ಕರೆಗೆ ಅದರಿಂದ ಅಡ್ಡಿಯಿಲ್ಲ.

ಅಂಗಿಗೆ ಸಿಕ್ಕಿಸುವ ಎಂಪಿ3 ಪ್ಲೇಯರ್: ನನ್ನ ಎಣಿಕೆಯಲ್ಲಿ ವಿದ್ಯಾರ್ಥಿಗೆ ಇದೇ ಸೂಕ್ತ. ಹಾಡುವುದೊಂದೇ ಇದರ ಕೆಲಸ. ಬೆಲೆ ಕಡಿಮೆ, ಭಾರವಿಲ್ಲ, ಸಿಗ್ನಲ್ ಬೇಕಿಲ್ಲ. ಕತ್ತಲಲ್ಲಿ ನೋಡದೆಯೇ ಬೆರಳಿಗೆ ಸಿಗುವ ಉಬ್ಬು ಗುಂಡಿಗಳಿರುವುದನ್ನು ಆರಿಸಿ. ಪರದೆ ಮುಟ್ಟಿ ನಡೆಸುವ ಯಂತ್ರ ಬೆವರಿದ ಬೆರಳಿಗೆ ಸರಿಯಾಗಿ ಮಣಿಯುವುದಿಲ್ಲ. ಎಫ್‌ಎಂ ರೇಡಿಯೊ ಇದ್ದರೆ ಆಕಾಶವಾಣಿಯನ್ನೂ ಕೇಳಬಹುದು; ಆದರೆ ಅದಕ್ಕೆ ಇಯರ್‌ಫೋನಿನ ತಂತಿಯೇ ಏರಿಯಲ್ ಆದುದರಿಂದ ತಂತಿಯ ಇಯರ್‌ಫೋನ್ ಬೇಕೇ ಬೇಕು.

ಕೊರಳಪಟ್ಟಿಯ ಬ್ಲೂಟೂತ್ ಇಯರ್‌ಫೋನ್: ಕಳಚಿದರೂ ಕೊರಳಲ್ಲಿ ಉಳಿಯುತ್ತದೆ, ಕಳೆದುಹೋಗುವುದಿಲ್ಲ. ಒಂದು ಕಿವಿಯಲ್ಲಿ ಮಾತ್ರ ತೊಟ್ಟು ಇನ್ನೊಂದನ್ನು ಇಳಿಬಿಡಬಹುದು. ಆದರೆ ಜೊತೆಗೆ ಬ್ಲೂಟೂತ್ ಇರುವ ಪ್ಲೇಯರ್ ಅಥವಾ ಫೋನ್ ಇರಬೇಕು. ‘ಹೊರಗಿನ ಸದ್ದನ್ನು ಅಳಿಸುತ್ತದೆ’ ಎಂದು ಹೆಮ್ಮೆಯಿಂದ ಬರೆದಿರುವ ಮಾದರಿ ರೈಲಿನಲ್ಲಿ ಕುಳಿತವನಿಗೆ ಸರಿ, ರಸ್ತೆಯಲ್ಲಿ ಓಡುವವನಿಗೆ ಸಲ್ಲದು.

ಎಲುಬಿನ ಮೂಲಕ ಕೇಳಿಸುವ ಹೆಡ್‌ಫೋನ್: ಇದು ಕಿವಿಯ ರಂಧ್ರವನ್ನು ಮುಚ್ಚುವುದೇ ಇಲ್ಲ. ಕಿವಿಯ ಮುಂದಿನ ಎಲುಬಿಗೆ ತಾಗಿ ಕುಳಿತು, ಕಂಪನವನ್ನು ತಲೆಯ ಎಲುಬಿನ ಮೂಲಕ ಒಳಗಿವಿಗೆ ಮುಟ್ಟಿಸುತ್ತದೆ. ಹಾಡೂ ಕೇಳುತ್ತದೆ, ಹಿಂದಿನಿಂದ ಬರುವ ಗಾಡಿಯೂ ಕೇಳುತ್ತದೆ. ರಸ್ತೆಯ ಓಟಕ್ಕೆ ಇದರಷ್ಟು ಹೊಂದುವುದು ಬೇರೊಂದಿಲ್ಲ. ಬೆಲೆ ಹೆಚ್ಚು, ತಾಳದ ಗುಡುಗು ಕಡಿಮೆ. ಅಷ್ಟು ಹಣ ಹೊರಲಾಗದ ಮನೆಯವರು ಚಿಂತಿಸಬೇಕಾಗಿಲ್ಲ: ಎಂಪಿ3 ಪ್ಲೇಯರ್ ಮತ್ತು ಒಂದೇ ಕಿವಿಯಲ್ಲಿ ತೊಟ್ಟ ಸಾದಾ ಇಯರ್‌ಫೋನ್ ಬಹುಮಟ್ಟಿಗೆ ಅದೇ ಕೆಲಸ ಮಾಡುತ್ತವೆ.

ಪೆಟ್ಟಿಗೆಯ ಮೇಲಿನ ಅಂಕಿಗಳು

ಡಬ್ಬಿಯ ಮೇಲೆ ‘ಐಪಿ’ ಎಂಬ ಅಕ್ಷರಗಳ ಮುಂದೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ಧೂಳಿನಿಂದ, ಎರಡನೆಯದು ನೀರಿನಿಂದ ರಕ್ಷಣೆ ಎಷ್ಟಿದೆ ಎಂಬುದನ್ನು ತಿಳಿಸುತ್ತದೆ. ಐಪಿಎಕ್ಸ್4 ಎಂದರೆ ನೀರಿನ ಸಿಡಿತ ತಾಳುತ್ತದೆ, ಐಪಿಎಕ್ಸ್7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಕೆಡುವುದಿಲ್ಲ. ಮೊದಲ ಅಂಕಿಯ ಜಾಗದಲ್ಲಿ ‘ಎಕ್ಸ್’ ಇದ್ದರೆ ಧೂಳಿನ ವಿಷಯದಲ್ಲಿ ಯಾವ ದರ್ಜೆಯನ್ನೂ ನೀಡಿಲ್ಲ ಎಂದರ್ಥ. ಜಾಹೀರಾತುಗಳು ನೀರಿನ ಅಂಕಿಯನ್ನೇ ಸಾರುತ್ತವೆ. ನಮ್ಮ ತಾಲೂಕಿನಲ್ಲಾದರೋ ಮಳೆಗಿಂತ ಧೂಳೇ ಹೆಚ್ಚು. ಆದ್ದರಿಂದ ಎರಡೂ ಅಂಕಿಗಳಿರುವ, ಐಪಿ54ರಂಥ ಗುರುತಿನ ಯಂತ್ರವನ್ನು ಕೇಳಿ. ಬೆವರು ಉಪ್ಪುನೀರು, ಪರೀಕ್ಷೆಯನ್ನು ಸಿಹಿನೀರಿನಲ್ಲಿ ಮಾಡಿರುತ್ತಾರೆ. ಓಟದ ನಂತರ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಹಚ್ಚಬೇಕು.

ಮೆಮರಿಯ ವಿಷಯದಲ್ಲಿ ಅಂಗಡಿಯವರ ಮಾತಿಗೆ ಮರುಳಾಗಬೇಡಿ. ಸಾಧಾರಣ ಗುಣಮಟ್ಟದ (128 ಕೆಬಿಪಿಎಸ್) ಎಂಪಿ3 ಹಾಡು ನಿಮಿಷಕ್ಕೆ ಸುಮಾರು ಒಂದು ಎಂಬಿ ಜಾಗ ಹಿಡಿಯುತ್ತದೆ. ಐದು ನಿಮಿಷದ ಹಾಡಿಗೆ ಐದು ಎಂಬಿ. ಎಂಟು ಜಿಬಿಯ ಕಾರ್ಡಿನಲ್ಲಿ ಸುಮಾರು 1600 ಹಾಡು, ಅಂದರೆ 130 ತಾಸಿಗೂ ಹೆಚ್ಚು. ಇಷ್ಟಿದ್ದರೆ ಯಾರಿಗೂ ಸಾಕು. ಅನೇಕ ಅಗ್ಗದ ಪ್ಲೇಯರ್‌ಗಳು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದೂ ಇಲ್ಲ. ತೀರ ಅಗ್ಗಕ್ಕೆ ಸಿಗುವ ದೊಡ್ಡ ಕಾರ್ಡುಗಳಲ್ಲಿ ನಕಲಿಯೂ ಇವೆ: ಮೇಲೆ 64 ಎಂದು ಬರೆದಿದ್ದರೂ ಒಳಗೆ ಅಷ್ಟು ಜಾಗವಿರುವುದಿಲ್ಲ. ಕೊಂಡ ದಿನವೇ ಕಾರ್ಡನ್ನು ಪೂರ್ತಿ ತುಂಬಿಸಿ, ಕೊನೆಯ ಹಾಡು ನುಡಿಯುವುದೋ ಎಂದು ಪರೀಕ್ಷಿಸಿ.

ಇನ್ನೊಂದು ತೊಡಕನ್ನು ಮೊದಲೇ ತಿಳಿದಿರಬೇಕು. ಹಾಡಿನ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಮಾಡಿದ ಹಾಡುಗಳು ಸಾಮಾನ್ಯವಾಗಿ ಆ ಆ್ಯಪ್‌ನೊಳಗೆ ಬೀಗ ಹಾಕಿದಂತಿರುತ್ತವೆ, ಅವನ್ನು ಪ್ಲೇಯರ್‌ಗೆ ನಕಲಿಸಲು ಬರುವುದಿಲ್ಲ. ಅಂಗಡಿಯವರು ಹಣ ಪಡೆದು ಕಾರ್ಡಿಗೆ ಹಾಡು ತುಂಬಿಕೊಡುವುದು, ಹಕ್ಕುದಾರರ ಅನುಮತಿ ಇಲ್ಲದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ ಉಲ್ಲಂಘನೆ. ಹಾಡಿನ ಫೈಲನ್ನೇ ಬೆಲೆ ಕೊಟ್ಟು ಕೊಳ್ಳುವುದು, ಮನೆಯಲ್ಲಿರುವ ಸಿ.ಡಿ.ಗಳನ್ನು ಸ್ವಂತ ಉಪಯೋಗಕ್ಕೆ ಎಂಪಿ3 ಮಾಡಿಕೊಳ್ಳುವುದು ನೇರವಾದ ದಾರಿ.

ಕಿವಿಯ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ತಾಸು 80 ಡೆಸಿಬಲ್ ಧ್ವನಿಯನ್ನು ಕೇಳಬಹುದು. ಮಕ್ಕಳಿಗೆ ಈ ಮಿತಿ 75 ಡೆಸಿಬಲ್. ಡೆಸಿಬಲ್ ಲೆಕ್ಕ ನಮ್ಮ ಕೂಡು-ಕಳೆಯುವ ಲೆಕ್ಕದಂತಲ್ಲ. ಮೂರು ಡೆಸಿಬಲ್ ಏರಿದರೆ ಧ್ವನಿಯ ಶಕ್ತಿ ಇಮ್ಮಡಿಯಾಗುತ್ತದೆ, ಕೇಳಬಹುದಾದ ಸಮಯ ಅರ್ಧಕ್ಕಿಳಿಯುತ್ತದೆ. 80ರಲ್ಲಿ 40 ತಾಸು ಇದ್ದದ್ದು 90 ಡೆಸಿಬಲ್‌ಗೆ ಬರುವಷ್ಟರಲ್ಲಿ ವಾರಕ್ಕೆ ನಾಲ್ಕೇ ತಾಸು ಆಗುತ್ತದೆ. ಒಳಗಿವಿಯ ಸೂಕ್ಷ್ಮ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಅಳೆಯುವ ಯಂತ್ರ ಮನೆಯಲ್ಲಿಲ್ಲದಿದ್ದರೂ ಚಿಂತೆಯಿಲ್ಲ. ಧ್ವನಿಯನ್ನು ಪೂರ್ಣದ ಅರ್ಧಕ್ಕಿಂತ ತುಸು ಮೇಲಕ್ಕೆ ಮಾತ್ರ ಇಡಿ. ಒಂದು ತೋಳಿನ ದೂರದಲ್ಲಿ ನಿಂತ ತಾಯಿ ಸಹಜ ಧ್ವನಿಯಲ್ಲಿ ಹೆಸರು ಕರೆದಾಗ ಮಗನಿಗೆ ಕೇಳಬೇಕು. ಕೇಳದಿದ್ದರೆ ಹಾಡು ಹೆಚ್ಚಾಯಿತು. ಓಟದ ನಂತರ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದರೆ ಅದು ಎಚ್ಚರಿಕೆ. ಭರ್ತಿಗೆ ವೈದ್ಯಕೀಯ ತಪಾಸಣೆಯೂ ಉಂಟೆಂಬುದನ್ನು, ಅಲ್ಲಿ ಕಿವಿಯನ್ನೂ ನೋಡುತ್ತಾರೆಂಬುದನ್ನು ಮಕ್ಕಳಿಗೆ ನೆನಪಿಸಿ.

ರಸ್ತೆ ಮತ್ತು ಕಾನೂನು

ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಜೋಡಿಸಿದ ಟ್ರ್ಯಾಕ್ಟರ್‌ಗಳು ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಇರುಳೆಲ್ಲ ಓಡಾಡುತ್ತವೆ. ಕೆಲವಕ್ಕೆ ಹಿಂದೆ ದೀಪವಿಲ್ಲ, ಬ್ರೇಕಿನ ಭರವಸೆಯಿಲ್ಲ, ಚಾಲಕ ತಾನೇ ಗಟ್ಟಿಯಾಗಿ ಹಾಡು ಹಚ್ಚಿರುತ್ತಾನೆ. ಅವನಿಗೂ ಕೇಳದು, ಓಡುವವನಿಗೂ ಕೇಳದು ಎಂದಾದರೆ ನಡುವೆ ಉಳಿಯುವುದು ದೈವ ಮಾತ್ರ. ವಿಜಯಪುರದ ಕಡೆಗೆ ಹೋಗುವ ಹೆದ್ದಾರಿಯಂತೂ ಓಟದ ಜಾಗವೇ ಅಲ್ಲ. ಊರೊಳಗಿನ ಶಾಲೆಯ ಬಯಲು, ಹೊಲದ ಹಾದಿ ಮೇಲು.

ಇಯರ್‌ಫೋನ್ ತೊಟ್ಟು ಓಡುವುದು ತಾನೇ ಒಂದು ಅಪರಾಧವಲ್ಲ. ಆದರೆ ಅಪಘಾತವಾಗಿ ಮೋಟಾರು ವಾಹನ ಕಾಯ್ದೆಯಡಿ ಪರಿಹಾರಕ್ಕೆ ಅರ್ಜಿ ಹಾಕಿದಾಗ ಎದುರು ಪಕ್ಷದವರು ‘ಗಾಯಗೊಂಡವನ ಅಜಾಗ್ರತೆಯೂ ಇದಕ್ಕೆ ಕಾರಣ’ ಎಂದು ವಾದಿಸಬಹುದು. ಅದು ಸಾಬೀತಾದರೆ ನ್ಯಾಯಮಂಡಳಿ ಪರಿಹಾರದ ಮೊತ್ತವನ್ನು ಅಷ್ಟರ ಮಟ್ಟಿಗೆ ಕಡಿತ ಮಾಡುತ್ತದೆ. ಎರಡೂ ಕಿವಿ ಮುಚ್ಚಿಕೊಂಡು ನಡುರಸ್ತೆಯಲ್ಲಿ ಓಡುತ್ತಿದ್ದನೆಂಬ ಸಾಕ್ಷ್ಯ ಅಂಥ ವಾದಕ್ಕೆ ಬಲ ಕೊಡುತ್ತದೆ. ಪರಿಹಾರದ ಮಾತು ಹಾಗಿರಲಿ. ಹೋದ ಕಾಲು ಯಾವ ಆದೇಶದಿಂದಲೂ ಮರಳಿ ಬಾರದು.

ಆದುದರಿಂದ ಕಾಲುದಾರಿ ಇಲ್ಲದ ರಸ್ತೆಯಲ್ಲಿ ಬಲಬದಿಗೆ, ಎದುರಿನಿಂದ ಬರುವ ವಾಹನ ಕಣ್ಣಿಗೆ ಬೀಳುವಂತೆ ಓಡಬೇಕು. ಬಿಳಿಯ ಅಥವಾ ಹೊಳೆಯುವ ಪಟ್ಟಿಯ ಅಂಗಿ ತೊಡಬೇಕು. ಬೆನ್ನ ಹಿಂದಿನ ರಸ್ತೆಗೆ ಒಂದು ಕಿವಿಯಾದರೂ ತೆರೆದಿರಬೇಕು. ಹುಡುಗಿಯರು ಇಬ್ಬರು ಮೂವರು ಕೂಡಿ ಓಡಲಿ. ಹೆಜ್ಜೆಯ ಸದ್ದು, ನಾಯಿಯ ಬೊಗಳು, ಬೈಕಿನ ಸದ್ದು ದೂರದಿಂದಲೇ ಕೇಳಿಸುವುದು ಅವರಿಗೆ ಇನ್ನೂ ಹೆಚ್ಚು ಅಗತ್ಯ.

ಪಕ್ಕಾ ಬಿಲ್ಲು ಬಿಡಬೇಡಿ

‘ಬಿಲ್ಲು ಬೇಡವೆಂದರೆ ಇಷ್ಟು ಕಡಿಮೆ’ ಎಂಬ ಮಾತು ಸಣ್ಣ ಊರುಗಳಲ್ಲಿ ಹೊಸತಲ್ಲ. ಉಳಿಯುವುದು ನೂರು ರೂಪಾಯಿ, ಕಳೆದುಕೊಳ್ಳುವುದು ಹಕ್ಕು. ಕಚ್ಚಾ ಚೀಟಿಯ ಮೇಲೆ ಯಂತ್ರದ ಹೆಸರು, ಮಾದರಿಯ ಸಂಖ್ಯೆ, ಅಂಗಡಿಯ ಮುದ್ರೆ ಇರುವುದಿಲ್ಲ. ಬ್ಲೂಟೂತ್ ಹೆಡ್‌ಫೋನ್ ಮತ್ತು ಚಾರ್ಜರ್‌ಗಳ ಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತು ಹಾಗೂ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆ ನಿಜವೋ ಎಂಬುದನ್ನು ಬ್ಯೂರೊದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಇದು ಔಪಚಾರಿಕ ಮಾತಲ್ಲ: ಮೈಗೆ ತಾಗಿಕೊಂಡಿರುವ ಲಿಥಿಯಂ ಬ್ಯಾಟರಿಯ ಸುರಕ್ಷೆಯ ಪ್ರಶ್ನೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೋಷವಿರುವ ವಸ್ತುವಿಗಾಗಿ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಮಾರಿದವರು ಮುಂಬಯಿಯವರಾಗಲಿ, ಬೆಂಗಳೂರಿನವರಾಗಲಿ, ಜತ್ತ ತಾಲೂಕಿನವರು ಸಾಂಗ್ಲಿಯಲ್ಲಿ ದೂರು ಸಲ್ಲಿಸಿದರೆ ಸಾಕು. ಅವಧಿ ಎರಡು ವರ್ಷ. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ, 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕಂಪನಿಯ ಕುಂದುಕೊರತೆ ಅಧಿಕಾರಿ 48 ತಾಸಿನೊಳಗೆ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಎಲ್ಲಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಮಾತನಾಡಬಹುದಾದ ಭಾಷೆಗಳಲ್ಲಿ ಕನ್ನಡವೂ ಇದೆ. ಮಹಾರಾಷ್ಟ್ರದಲ್ಲಿದ್ದೇವೆಂದು ಸಂಕೋಚಪಡದೆ ನಮ್ಮ ನುಡಿಯಲ್ಲೇ ದೂರು ಹೇಳಬಹುದು.

ಹಾಡಿನ ನಡುವೆ ಒಂದು ಪಾಠ

ಭರ್ತಿಯ ಓಟ ಗೆದ್ದವರಿಗೆ ಮುಂದೆ 100 ಅಂಕಗಳ ಲಿಖಿತ ಪರೀಕ್ಷೆ ಇದೆ. ಅದು ನಡೆಯುವುದು ಮರಾಠಿಯಲ್ಲಿ. ಮರಾಠಿ ವ್ಯಾಕರಣವೂ ಅದರ ಒಂದು ವಿಷಯ. ಕನ್ನಡ ಮಾಧ್ಯಮದಲ್ಲಿ ಕಲಿತ ಮಗು ಓಟದಲ್ಲಿ ಯಾರಿಗೂ ಕಡಿಮೆಯಲ್ಲ, ಎಡವುವುದಾದರೆ ಇಲ್ಲಿ. ಇದಕ್ಕೂ ಆ ಪುಟ್ಟ ಯಂತ್ರ ನೆರವಾಗಬಲ್ಲದು. ಮರಾಠಿಯ ನುಡಿಗಟ್ಟುಗಳು, ಅವುಗಳ ಕನ್ನಡ ಅರ್ಥ, ಸಮಾನಾರ್ಥಕ ಪದಗಳು, ಸಾಮಾನ್ಯ ಜ್ಞಾನದ ಪ್ರಶ್ನೋತ್ತರ – ಇವನ್ನು ಶಾಲೆಯ ಗುರುಗಳಿಂದಲೋ ಅಕ್ಕನಿಂದಲೋ ಓದಿಸಿ ಫೋನಿನಲ್ಲಿ ಧ್ವನಿಮುದ್ರಿಸಬಹುದು. ಫೋನಿನ ಧ್ವನಿಮುದ್ರಣ ಬೇರೆ ಬಗೆಯ ಫೈಲಾಗಿದ್ದರೆ ಎಂಪಿ3ಗೆ ಬದಲಿಸಿ ಕಾರ್ಡಿಗೆ ಹಾಕಿಕೊಂಡರಾಯಿತು. ಎರಡು ಹಾಡು, ಒಂದು ಪಾಠ, ಮತ್ತೆ ಎರಡು ಹಾಡು. ನಿಧಾನದ ಓಟದ ಮೂವತ್ತು ನಿಮಿಷದಲ್ಲಿ ದಿನಕ್ಕೆ ಹತ್ತು ನುಡಿಗಟ್ಟು ಕಿವಿಗೆ ಬಿದ್ದರೆ ಒಂದು ತಿಂಗಳಿಗೆ ಮುನ್ನೂರು.

ಇಂಥ ಧ್ವನಿಮುದ್ರಿಕೆಗಳನ್ನು ಒಂದು ಶಾಲೆಯ ಮಾಜಿ ವಿದ್ಯಾರ್ಥಿಗಳು ಕೂಡಿ ಒಮ್ಮೆ ಸಿದ್ಧಪಡಿಸಿದರೆ ಉಮದಿಯಿಂದ ಅಕ್ಕಲಕೋಟೆಯವರೆಗೆ ಗಡಿಯ ಎಲ್ಲ ಕನ್ನಡ ಶಾಲೆಗಳ ಮಕ್ಕಳಿಗೂ ಉಪಯೋಗವಾಗುತ್ತದೆ. ಅದಕ್ಕೆ ದೊಡ್ಡ ಹಣ ಬೇಕಾಗಿಲ್ಲ. ಒಂದು ಫೋನು, ಒಂದು ಮುಚ್ಚಿದ ಕೋಣೆ, ಸ್ಪಷ್ಟವಾಗಿ ಓದಬಲ್ಲ ಒಂದು ಧ್ವನಿ ಸಾಕು. ಈ ರಜೆಯಲ್ಲಿ ಯಾವ ಶಾಲೆ ಇದಕ್ಕೆ ಮೊದಲ ಹೆಜ್ಜೆ ಇಡುತ್ತದೆ?